ಕುಡಿಯದವನ ಕೈಗಳು ಶುದ್ಧವೇ?

“ನಮ್ಮಲ್ಲಿ ಮದ್ಯ ಹರಾಮ್. ಪಾನನಿಷೇಧದ ಚರ್ಚೆ ಇತರರಿಗೆ ಸಂಬಂಧಿಸಿದ್ದು” ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಅಭಿಮಾನದಿಂದ ಕೇಳಿಬರುತ್ತದೆ. ಈ ಮಾತಿನ ಪೂರ್ವಾರ್ಧ ಸತ್ಯ, ಉತ್ತರಾರ್ಧ ಆತ್ಮವಂಚನೆ.

ಕಳೆದ ನಾಟಿಯ ಹಂಗಾಮಿನಲ್ಲಿ ಸಿಂಧನೂರಿನ ಸಮೀಪದ ಒಂದು ಕ್ಯಾಂಪಿನ ದಾರಿಯಲ್ಲಿ, ಭತ್ತದ ಗದ್ದೆಯಿಂದ ಮರಳುತ್ತಿದ್ದ ಕೂಲಿ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. “ಮೌಲಾಸಾಬ್ರ, ನಿಮ್ಮ ಮಂದಿ ಹುಡುಗನ ಆಟೋ ಬಂದ ದಿನ ನಮ್ಮ ಮನ್ಯಾಗ ಒಲಿ ಹೊತ್ತಂಗಿಲ್ರಿ” ಎಂದರು. ಆ ಹುಡುಗ ಯಾರೆಂಬುದು ನನಗೆ ತಿಳಿದಿತ್ತು. ಅವನು ನನ್ನ ಬಳಿಯೇ ಕುರ್‌ಆನ್ ಓದಲು ಕಲಿತವನು. ಪಟ್ಟಣದ ಪರವಾನಗಿ ಅಂಗಡಿಯಲ್ಲಿ ಟೆಟ್ರಾ ಪ್ಯಾಕೆಟ್‌ಗಳ ಪೆಟ್ಟಿಗೆ ಕೊಂಡು, ಕಿರಾಣಿ ಸಾಮಾನಿನ ಚೀಲಗಳ ಕೆಳಗಿಟ್ಟು, ಹಳ್ಳಿಯ ಗೂಡಂಗಡಿಗಳಿಗೆ ಹಂಚುವುದು ಅವನ ಕಸುಬು. ಕರೆದು ವಿಚಾರಿಸಿದಾಗ ಅವನು ತಲೆ ತಗ್ಗಿಸಲಿಲ್ಲ. “ಹಜ್ರತ್, ನಾನು ಒಂದು ಹನಿಯೂ ಮುಟ್ಟುವುದಿಲ್ಲ. ಬಾಡಿಗೆ ಕೊಟ್ಟವರ ಸಾಮಾನು ಸಾಗಿಸುತ್ತೇನೆ, ಅಷ್ಟೇ” ಎಂದನು.

ಈ ಉತ್ತರವನ್ನು ಅವನಿಗೆ ಕಲಿಸಿದವರು ನಾವೇ. ಕುಡಿಯುವುದು ಹರಾಮ್ ಎಂದು ಸಾವಿರ ಬಾರಿ ಹೇಳಿದ ನಾವು ಸಾಗಿಸುವುದರ ಕುರಿತು ಮೌನ ವಹಿಸಿದೆವು. ಪ್ರವಾದಿವರ್ಯರು(ಸ) ಮೌನ ವಹಿಸಿರಲಿಲ್ಲ. ಮದ್ಯದ ಸಂಬಂಧದಲ್ಲಿ ಶಾಪಗ್ರಸ್ತರಾದ ಹತ್ತು ಮಂದಿಯನ್ನು ಅವರು ಎಣಿಸಿದ್ದಾರೆ. ಆ ಹತ್ತರಲ್ಲಿ ಕುಡಿಯುವವನು ಒಬ್ಬನು ಮಾತ್ರ. ಹಿಂಡುವವನು, ಹೊರುವವನು, ಸುರಿದು ಕೊಡುವವನು, ಮಾರುವವನು, ಅದರ ಬೆಲೆಯನ್ನು ಉಣ್ಣುವವನು ಉಳಿದವರಲ್ಲಿ ಸೇರಿದ್ದಾರೆ. ಹಾಗಿದ್ದರೆ ಮಳಿಗೆಯನ್ನು ಬಾರ್‌ಗೆ ಬಾಡಿಗೆ ಕೊಟ್ಟು ಆ ಬಾಡಿಗೆಯಲ್ಲಿ ಉಮ್ರಾಗೆ ಹೊರಡುವ ಹಿರಿಯರು ತಮ್ಮನ್ನು ಎಲ್ಲಿ ಎಣಿಸಿಕೊಳ್ಳುವರು?

“ಹೊಟ್ಟೆಪಾಡು ಸ್ವಾಮಿ, ಬಡತನ” ಎಂಬುದು ಮುಂದಿನ ವಾದ. ಇದಕ್ಕೂ ಮದೀನಾದಲ್ಲೇ ಉತ್ತರವಿದೆ. ಅನಾಥ ಮಕ್ಕಳಿಗೆ ಪಿತ್ರಾರ್ಜಿತವಾಗಿ ಮದ್ಯ ಬಂದಿದೆ, ಏನು ಮಾಡಲಿ ಎಂದು ಅಬೂ ತಲ್ಹಾ(ರ) ಕೇಳಿದಾಗ, ಚೆಲ್ಲಿಬಿಡಿ ಎಂದೇ ಪ್ರವಾದಿವರ್ಯರು(ಸ) ಆದೇಶಿಸಿದರು. ಅನಾಥರ ಸೊತ್ತಿನ ರಕ್ಷಣೆಗೆ ಅಷ್ಟೊಂದು ಮಹತ್ವ ನೀಡಿದ ಧರ್ಮವು ಅನಾಥರ ಹೆಸರಿನಲ್ಲಿಯೂ ಮದ್ಯದ ಹಣಕ್ಕೆ ರಿಯಾಯಿತಿ ನೀಡಲಿಲ್ಲ.

ಇನ್ನು ಕೆಲವರು ಲೋಕಾನುಭವದ ಮಾತು ಆಡುತ್ತಾರೆ: “ನಿಷೇಧ ಎಲ್ಲಿ ಯಶಸ್ವಿಯಾಗಿದೆ? ಅಮೆರಿಕ 1920ರಲ್ಲಿ ಜಾರಿಗೊಳಿಸಿ 1933ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಂತಿತೇ?” ಇದರಲ್ಲಿ ಸತ್ಯಾಂಶವಿದೆ, ಒಪ್ಪಬೇಕು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂದಿತು. ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಅಧಿಕ ಬಡವರು ಮಡಿದರು. ನಮ್ಮ ರಾಯಚೂರು ಜಿಲ್ಲೆಯಲ್ಲಂತೂ ಸೇಂದಿಯ ಹೆಸರಿನಲ್ಲಿ ಸಿ.ಎಚ್. ಪೌಡರ್, ಅಂದರೆ ನಿದ್ರೆ ಬರಿಸುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ನೀರು ಮಾರಾಟವಾಗುತ್ತದೆ. ಅದಕ್ಕೆ ದಾಸನಾದವನು ಒಂದು ದಿನ ಸಿಗದಿದ್ದರೂ ನಡುಗಿ ಹುಚ್ಚನಂತಾಗುತ್ತಾನೆ.

ಆದರೆ ಈ ಅನುಭವದಿಂದ ಹೊರಡುವ ತೀರ್ಮಾನವೇನು? ಕಾನೂನು ಸೋತದ್ದು ಮದ್ಯದ ಬಲದಿಂದಲ್ಲ, ಸಾಗಿಸುವ ಕೈಗಳ ಬಲದಿಂದ. ಕಳ್ಳಭಟ್ಟಿ ಎಂದೊಡನೆ ಲಿಂಗಸುಗೂರು, ಮಸ್ಕಿ ಭಾಗದ ತಾಂಡಾಗಳತ್ತ ಬೆರಳು ತೋರಿಸುವುದು ಸುಲಭ. ಬೆಲ್ಲದ ಕೊಳೆ ಹಾಕುವ ಬಡವನು ಅಬಕಾರಿಯವರ ಕೈಗೆ ಸಿಗುತ್ತಾನೆ. ಅವನಿಗೆ ಬೆಲ್ಲ, ನವಸಾಗರ ಮಾರಿದವರು, ಸರಕು ಸಾಗಿಸಿದವರು, ಬಡ್ಡಿಗೆ ಹಣ ಕೊಟ್ಟವರು ಸಿಗುವುದಿಲ್ಲ.

ಮದ್ಯ ನಿಷೇಧದ ಆಜ್ಞೆ ಬಂದ ದಿನ ಮದೀನಾದಲ್ಲಿ ಪೊಲೀಸರಿರಲಿಲ್ಲ. ಅಬೂ ತಲ್ಹಾರ ಮನೆಯಲ್ಲಿ ಅನಸ್(ರ) ಬಟ್ಟಲು ತುಂಬುತ್ತಿದ್ದಾಗ ಬೀದಿಯಲ್ಲಿ ಘೋಷಣೆ ಕೇಳಿತು. ಒಡನೆಯೇ ಮದ್ಯ ಬೀದಿಯಲ್ಲಿ ಹರಿಯಿತು. ಆ ಆಜ್ಞೆ ಒಂದೇ ದಿನ ಇಳಿದುದಲ್ಲ ಎಂಬುದನ್ನು ಮರೆಯಬಾರದು. ಅದರ ಪಾಪವು ಲಾಭಕ್ಕಿಂತ ದೊಡ್ಡದೆಂದು ಮೊದಲು ತಿಳಿಸಲಾಯಿತು, ಬಳಿಕ ನಶೆಯಲ್ಲಿ ನಮಾಝನ್ನು ಸಮೀಪಿಸಬಾರದೆನ್ನಲಾಯಿತು, ಅಂತಿಮವಾಗಿ ಸಂಪೂರ್ಣ ನಿಷೇಧ ಬಂದಿತು. ಮೊದಲು ಮನಸ್ಸು ಸಿದ್ಧವಾಯಿತು, ಅನಂತರ ಕಾನೂನು ಇಳಿಯಿತು.

ಸರಕಾರವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಸಂವಿಧಾನದ 47ನೇ ವಿಧಿಯು ಪಾನನಿಷೇಧಕ್ಕೆ ಯತ್ನಿಸಬೇಕೆಂದು ಸರಕಾರಕ್ಕೆ ನಿರ್ದೇಶಿಸುತ್ತದೆ. ಸರಕಾರವಾದರೋ ಪ್ರತಿವರ್ಷ ಬಜೆಟಿನಲ್ಲಿ ಅಬಕಾರಿ ವರಮಾನದ ಗುರಿಯನ್ನು ಏರಿಸುತ್ತದೆ, ಎಂ.ಎಸ್.ಐ.ಎಲ್. ಹೆಸರಿನಲ್ಲಿ ತಾನೇ ಮಳಿಗೆ ತೆರೆಯುತ್ತದೆ. ಲಾಕ್‌ಡೌನ್ ಸಡಿಲಿಸಿದ 2020ರ ಮೇ 4ರಂದು ಒಂದೇ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಅದಕ್ಕೆ ಮೊದಲಿನ ನಲವತ್ತು ದಿನ ಕೂಲಿಯೂ ಇಲ್ಲದ ಮನೆಗಳಿಂದ ಆ ಹಣ ಹೇಗೆ ಹೊರಟಿತೆಂದು ಹೆಣ್ಣುಮಕ್ಕಳ ಕಿವಿಯೋಲೆಯನ್ನೇ ಕೇಳಬೇಕು.

2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ನಡೆದರು. ನಮ್ಮ ಜಿಲ್ಲೆಯ ಕೂಲಿ ಹೆಂಗಸರೂ ಅದರಲ್ಲಿದ್ದರು. ಮದ್ಯ ಹರಾಮ್ ಎಂದು ಸಾರುವ ನಾವು ಎಷ್ಟು ಹೆಜ್ಜೆ ಅವರೊಂದಿಗೆ ನಡೆದೆವು?

ಜಮಾಅತ್‌ಗಳ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು. ಮದ್ಯದ ವ್ಯಾಪಾರಕ್ಕೆ ಮಳಿಗೆ ಕೊಟ್ಟವರ ಹಣವನ್ನು ಮಸೀದಿಯ ಚಂದಾಕ್ಕೆ ಸ್ವೀಕರಿಸಬೇಡಿ. ಜುಮಾ ಖುತ್ಬಾದಲ್ಲಿ ಹತ್ತು ಮಂದಿಯನ್ನೂ ಹೆಸರಿಸಿ. ಈ ಕಸುಬನ್ನು ಬಿಡುವ ಯುವಕನಿಗೆ ಬೈತುಲ್ ಮಾಲ್‌ನಿಂದ ಬಡ್ಡಿರಹಿತ ಸಾಲ ನೀಡಿ ಅವನ ಆಟೋದ ಕಂತನ್ನು ತೀರಿಸಿ. ಉಪದೇಶ ಮಾತ್ರ ನೀಡಿ ಕೈ ತೊಳೆದುಕೊಳ್ಳುವವರಿಗೆ ಅವನನ್ನು ಬೈಯುವ ಹಕ್ಕಿಲ್ಲ.

ನನ್ನ ಶಿಷ್ಯ ಇನ್ನೂ ಆ ಕೆಲಸವನ್ನು ಪೂರ್ಣವಾಗಿ ಬಿಟ್ಟಿಲ್ಲ. ಕಂತು ಬಾಕಿಯಿದೆ ಎನ್ನುತ್ತಾನೆ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಆ ತಾಯಿ ಅವನ ವಿರುದ್ಧ ದೂರು ಕೊಟ್ಟರೆ, ಅವನಿಗೆ ಅಕ್ಷರ ಕಲಿಸಿದ ನನ್ನನ್ನೂ ಕರೆಯಲಾದೀತು. ಆ ದಿನ ಬರುವ ಮುನ್ನ ಅವಳ ಮನೆಯ ಒಲೆ ಹೊತ್ತುವಂತೆ ಮಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.