ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮದುವೆ ಹಾಲ್‌ನಲ್ಲಿ

ಆಲ್ ಇಂಗ್ಲೆಂಡ್ ಫೈನಲ್, ಮಾರ್ಚ್ 1980: 15–3, 15–10. ನನ್ನ ಕೈಕೆಳಗೆ ಶಟಲ್ ಹಿಡಿದ ಪ್ರತಿ ಮಗುವಿಗೂ ಈ ಸ್ಕೋರ್ ಹೇಳಿದ್ದೇನೆ. ಲಂಡನ್ನಿನ ವೆಂಬ್ಲಿಯಲ್ಲಿ ಪ್ರಕಾಶ್ ಪಡುಕೋಣೆ ಎದುರು ನಿಂತವರು ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷ ಪ್ರಶಸ್ತಿ ಅವರದೇ. ಮೇಲಕ್ಕೆ ಹಾರಿ ಬಾರಿಸುವ ಸ್ಮ್ಯಾಶ್‌ಗೆ ಹೆಸರುವಾಸಿ. ಕಿಂಗ್‌ಗೆ ಹಾರಲು ಪ್ರಕಾಶ್ ಅವಕಾಶವನ್ನೇ ಕೊಡಲಿಲ್ಲ. ಕೊನೆಯ ಗಳಿಗೆಯವರೆಗೂ ರ‍್ಯಾಕೆಟ್ ತಡೆಹಿಡಿದು, ಎದುರಾಳಿಯ ಕಾಲು ಒಂದು ಕಡೆ ಎದ್ದ ಮೇಲೆ ಇನ್ನೊಂದು ಕಡೆ ಶಟಲ್ ಇಳಿಸಿದರು. ಸೆಮಿಫೈನಲ್‌ನಲ್ಲಿ ಡೆನ್ಮಾರ್ಕಿನ ಮಾರ್ಟನ್ ಫ್ರಾಸ್ಟ್ ಕೂಡ ಈ ಆಟಕ್ಕೇ ಸೋತಿದ್ದರು.

ಈ ಮಣಿಕಟ್ಟು ಪಳಗಿದ್ದು ಎಲ್ಲಿ? ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ಮುಂಜಿ ನಡೆಯುತ್ತಿದ್ದ ಹಾಲ್. ಆಗ ಊರಿನಲ್ಲಿ ಈಗಿನಂಥ ಕೋರ್ಟ್‌ಗಳಿರಲಿಲ್ಲ. ಕಾರ್ಯಕ್ರಮ ಇಲ್ಲದ ದಿನ ಶಾಲೆ ಬಿಟ್ಟೊಡನೆ ಓಡಿಹೋಗಿ ಆಡುತ್ತಿದ್ದುದನ್ನು ಪ್ರಕಾಶ್ ಅವರೇ ತಮ್ಮ ಮಕ್ಕಳಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆ ಕಟ್ಟಲು ದುಡಿದವರು. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ ಏಳು ವರ್ಷದ ಹುಡುಗ ಎರಡು ವರ್ಷದ ನಂತರ ಅದನ್ನೇ ಗೆದ್ದ. ಮುಂದೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್, 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ.

ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಅವರು ಹೋಗಿ ನೆಲೆಸಿದ್ದು ಕೋಪನ್‌ಹೇಗನ್‌ನಲ್ಲಿ. ಅಲ್ಲಿ ಆಡಿದ್ದು ಪಕ್ಕದ ಹ್ವಿಡೊವ್ರೆ ಎಂಬ ಬಡಾವಣೆಯ ಕ್ಲಬ್‌ಗೆ. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು ಸೋಲಿಸಿದರು, 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ತಂದರು. ಪುರುಷರ ಸಿಂಗಲ್ಸ್‌ನಲ್ಲಿ ಭಾರತಕ್ಕೆ ಅಂಥ ಇನ್ನೊಂದು ಪದಕ ಸಿಗಲು 2019ರವರೆಗೆ, ಸಾಯಿ ಪ್ರಣೀತ್ ಬರುವವರೆಗೆ ಕಾಯಬೇಕಾಯಿತು.

ಮಲ್ಲೇಶ್ವರದ ಹಾಲ್, ಹ್ವಿಡೊವ್ರೆಯ ಕ್ಲಬ್. ಇವರ ಆಟದ ಬದುಕಿನ ಎರಡೂ ಭಾಗಕ್ಕೆ ನೆಲೆಯಾದದ್ದು ಜನರು ಸೇರಿ ನಡೆಸುವ, ಮನೆ ಹತ್ತಿರದ ಜಾಗ. ನಮ್ಮ ಭಾಷಣಗಳಲ್ಲಿ ಈ ಮಾತು ಬರುವುದೇ ಇಲ್ಲ ಎಂಬುದು ನನ್ನ ಕೊರಗು. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ. ಪುರುಷರ ಸಿಂಗಲ್ಸ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಆ ದೇಶದಲ್ಲಿವೆ: ಒಂದು ಹೊಯೆರ್ ಲಾರ್ಸನ್ ಅವರದು, ಎರಡು ವಿಕ್ಟರ್ ಅಕ್ಸೆಲ್ಸನ್ ಅವರದು. ಅಲ್ಲಿನ ಸ್ಥಳೀಯ ಸಂಸ್ಥೆಗಳು ಸಂಜೆ ಹೊತ್ತು ಹಾಲ್‌ಗಳನ್ನು ಊರಿನ ಕ್ಲಬ್‌ಗಳಿಗೆ ಬಿಟ್ಟುಕೊಡುತ್ತವೆ.

ನಾನು ದಾವಣಗೆರೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕಿ. ಬಯಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿಸಬಹುದು, ಉಣ್ಣೆಯ ಚೆಂಡು ಗಾಳಿ ತಡೆಯುತ್ತದೆ. ಶಟಲ್ ತಡೆಯುವುದಿಲ್ಲ. ಹದಿನಾರು ಗರಿ, ಐದು ಗ್ರಾಂ ತೂಕ. ಸಣ್ಣ ಗಾಳಿ ಬೀಸಿದರೂ ಎಲ್ಲಿಗೋ ಹೋಗಿ ಬೀಳುತ್ತದೆ. ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಸ್ಮ್ಯಾಶ್ ಹೊಡೆಯುವಂತೆ ಭುಜ ಎತ್ತಿ, ಕೊನೆಗೆ ಬೆರಳು ಸಡಿಲಿಸಿ ನೆಟ್ ಅಂಚಿಗೆ ಡ್ರಾಪ್ ಹಾಕುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಹತ್ತಿರದ ಪೇಟೆಯಲ್ಲಿದ್ದ ಕೋರ್ಟ್ ಗಂಟೆಗಿಷ್ಟು ಬಾಡಿಗೆಯದು. ಅವಳ ಅಪ್ಪ ಹಮಾಲಿ ಮಾಡುವವರು. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ರ‍್ಯಾಕೆಟ್ ಕೆಳಗಿಟ್ಟಳು.

ಅದೇ ಊರಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಸಮುದಾಯ ಭವನ ಇದೆ. ರಾಜ್ಯದ ತಾಲ್ಲೂಕು ತಾಲ್ಲೂಕಿನಲ್ಲೂ ಇಂಥವು ಇವೆ, ಸಮಾರಂಭ ಇಲ್ಲದ ದಿನ ಬೀಗ ಹಾಕಿರುತ್ತವೆ. ಸಿಂಗಲ್ಸ್ ಕೋರ್ಟ್ ಎಂದರೆ 44 ಅಡಿ ಉದ್ದ, 17 ಅಡಿ ಅಗಲ. ಊಟದ ಸಾಲು ಹಾಕುವ ಹಾಲ್‌ನಲ್ಲಿ ಧಾರಾಳವಾಗಿ ಹಿಡಿಸುತ್ತದೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಬೇಕಾದ 12 ಮೀಟರ್ ಎತ್ತರ ಇಲ್ಲಿ ಸಿಗುವುದಿಲ್ಲ, ನಿಜ. ಆದರೆ ಹತ್ತು ವರ್ಷದ ಮಗು ಸರ್ವ್, ನೆಟ್ ಆಟ, ಕಾಲಿನ ಹೆಜ್ಜೆ ಕಲಿಯಲು ಅಷ್ಟು ಎತ್ತರ ಬೇಡ. ನುಣುಪು ಟೈಲ್ಸ್ ಮೇಲೆ ಆಡಿಸಬಾರದು. ಕಾಲು ಜಾರುತ್ತದೆ, ಮಂಡಿಗೆ ಪೆಟ್ಟು. ಸುತ್ತಿಡುವ ಸಿಂಥೆಟಿಕ್ ಮ್ಯಾಟ್ ಸಿಗುತ್ತದೆ, ಸಮಾರಂಭದ ದಿನ ಎತ್ತಿಟ್ಟರಾಯಿತು. ಬೀಗದ ಕೈ ಯಾರ ಬಳಿ, ಕರೆಂಟ್ ಬಿಲ್ ಯಾರು ಕಟ್ಟಬೇಕು, ಗಾಜು ಒಡೆದರೆ ಯಾರು ಹೊಣೆ ಎಂದು ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಗಳೇ. ಕ್ರೀಡಾ ಇಲಾಖೆ ಒಂದು ಸುತ್ತೋಲೆಯಲ್ಲಿ ಉತ್ತರ ಬರೆದು, ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಭವನವನ್ನು ಶಾಲೆಗಳ ಜವಾಬ್ದಾರಿಗೆ ಒಪ್ಪಿಸಲಿ.

1994ರಲ್ಲಿ ಪ್ರಕಾಶ್ ಅವರೇ ಬೆಂಗಳೂರಿನಲ್ಲಿ ಕಟ್ಟಿದಂಥ ಅಕಾಡೆಮಿ ಬೇಕೇ ಬೇಕು. ಆದರೆ ಅಲ್ಲಿಯ ಬಾಗಿಲು ತಟ್ಟುವಷ್ಟು ಆಟ ಮಗುವಿಗೆ ಮೊದಲು ತನ್ನ ಊರಿನಲ್ಲಿ ಬರಬೇಕು.

ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ. ಶಾಲೆಯ ಮೈದಾನದಲ್ಲಿ ಗಾಳಿ, ಜಿಟಿಜಿಟಿ ಮಳೆ, ಕೆಸರು. ಆಟದ ಪೀರಿಯಡ್ ತರಗತಿಯೊಳಗೇ ಕಳೆದುಹೋಗುತ್ತದೆ. ಭವನ ಮಾತ್ರ ತಿಂಗಳಿಡೀ ಖಾಲಿ. ಮುಂದಿನ ಆಷಾಢಕ್ಕೆ ಜಿಲ್ಲೆಗೆ ಹತ್ತು ಭವನಗಳನ್ನಾದರೂ ತೆರೆಯಿರಿ. ನೆಟ್ ಕಟ್ಟಿ, ಮಕ್ಕಳನ್ನು ಸೇರಿಸಿ, ದಿನವೂ ನಿಂತು ಕಲಿಸಲು ನಾವು ದೈಹಿಕ ಶಿಕ್ಷಕರು ಇದ್ದೇವೆ.