ಶನಿವಾರ ಮಗುವನ್ನು ಕರೆದೊಯ್ಯುವವರು ಯಾರು?

ವಿಚ್ಛೇದನದ ಮೊಕದ್ದಮೆಯಲ್ಲಿ ಮಗುವಿನ ವಿಷಯ ಬಂದಾಗ ಕೋರ್ಟಿನ ಮುಂದಿರುವ ಮುಖ್ಯ ಪ್ರಶ್ನೆ ಒಂದೇ: ಸುಪರ್ದಿ ಯಾರಿಗೆ? ಮಗುವಿನ ಬದುಕು ಕೇಳುವ ಪ್ರಶ್ನೆಗಳು ಬೇರೆ. ತಾಯಿ ಯಲಹಂಕ ಉಪನಗರದಲ್ಲಿ, ತಂದೆ ಆರ್.ಟಿ. ನಗರದಲ್ಲಿ, ಶಾಲೆ ಹೆಬ್ಬಾಳದ ಹತ್ತಿರ ಎಂದಿಟ್ಟುಕೊಳ್ಳಿ. ಶನಿವಾರ ಶಾಲೆ ಬಿಟ್ಟಾಗ ಗೇಟಿನ ಬಳಿ ನಿಲ್ಲುವವರು ಯಾರು? ಅವತ್ತು ಜ್ವರ ಬಂದರೆ ಭೇಟಿ ಮುಂದಕ್ಕೆ ಹೋಗುತ್ತದೋ, ತಪ್ಪಿಯೇ ಹೋಗುತ್ತದೋ? ದಸರಾ ರಜೆ ಯಾವ ಅಜ್ಜಿಯ ಮನೆಯಲ್ಲಿ? ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಬ್ಬರ ನಂಬರೂ ಇರಬೇಕಲ್ಲವೇ? ಸಾಕ್ಷಿ, ಪಾಟೀಸವಾಲುಗಳಿಂದ ಇವಕ್ಕೆಲ್ಲ ಉತ್ತರ ಸಿಗುವುದಿಲ್ಲ. ಆ ಮಗುವಿನ ದಿನಚರಿ ಗೊತ್ತಿರುವ ಇಬ್ಬರೇ ಕೂತು ಮಾತಾಡಬೇಕು. ಆದ್ದರಿಂದ ಮಕ್ಕಳಿರುವ ದಂಪತಿ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು, ಅಲ್ಲಿ ಬಗೆಹರಿಯದ್ದು ಮಾತ್ರ ಕೋರ್ಟಿಗೆ ಹೋಗಬೇಕು ಎನ್ನುತ್ತೇನೆ. ಖರ್ಚು ಕಡಿಮೆ, ವಾಯಿದೆಗಳ ಕಾಟ ಕಡಿಮೆ ಎನ್ನುವುದೂ ನಿಜವೇ. ನನಗೆ ಅದು ಆಮೇಲಿನ ಮಾತು.

ಕಾನೂನು ಇದಕ್ಕೆ ಅಡ್ಡಿಯಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ, ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವನ್ನಾಗಿಯೇ ಮಾಡಿದೆ. ಹೈಕೋರ್ಟಿನ ಮುತುವರ್ಜಿಯಿಂದ 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ವೈವಾಹಿಕ ವ್ಯಾಜ್ಯಗಳಲ್ಲಿ ಆದಷ್ಟು ಬೇಗ ಮಧ್ಯಸ್ಥಿಕೆಯ ದಾರಿ ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. ಕೊರತೆ ಇರುವುದು ನಮ್ಮ ಮನಸ್ಸಿನಲ್ಲಿ. ಕೇಸು ಹಾಕಿ, ವರ್ಷಗಟ್ಟಲೆ ಜಗಳವಾಡಿ, ಸುಸ್ತಾದ ಮೇಲೆ ಅಲ್ಲಿಗೆ ಹೋಗುತ್ತೇವೆ.

ಅಷ್ಟರಲ್ಲಿ ಆಗಬಾರದ್ದು ಆಗಿರುತ್ತದೆ. ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಬೇಕೆಂದರೆ ಕ್ರೌರ್ಯವನ್ನು ರುಜುವಾತು ಮಾಡಬೇಕು. ಸುಪರ್ದಿ ಬೇಕೆಂದರೆ ಎದುರಿನವರು ಒಳ್ಳೆಯ ಪೋಷಕರಲ್ಲ ಎಂದು ತೋರಿಸುವ ಆಸೆ ಹುಟ್ಟುತ್ತದೆ. ಹೀಗೆ ಅರ್ಜಿಯಲ್ಲಿ ಬರೆದದ್ದು ಕಡತದಲ್ಲಿ ಉಳಿಯುತ್ತದೆ, ಮನಸ್ಸಿನಲ್ಲೂ ಉಳಿಯುತ್ತದೆ. ಡಿಕ್ರಿ ಬಂದ ಮೇಲೂ ಇವರಿಬ್ಬರೂ ಮಗುವಿನ ಅಪ್ಪ ಅಮ್ಮಂದಿರೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಆಸ್ಪತ್ರೆಯ ಬಾಗಿಲಲ್ಲಿ, ಮುಂದೆ ಮದುವೆಯ ಮಂಟಪದಲ್ಲಿ ಒಬ್ಬರಿಗೊಬ್ಬರು ಎದುರಾಗಲೇಬೇಕು. ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತು ಸಾಮಾನ್ಯವಾಗಿ ಗೌಪ್ಯ, ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದರೆ ಮಗುವಿನ ಹಿತ ತಿಳಿಯಲು ಆಪ್ತ ಸಮಾಲೋಚಕರು ಕೊಟ್ಟ ವರದಿಯನ್ನು ಕೋರ್ಟು ನೋಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಸರಿಯಾದದ್ದೇ.

2013ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಕೊಟ್ಟ ಒಂದು ಆದೇಶ ಇಲ್ಲಿ ನೆನಪಾಗುತ್ತದೆ. ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ, ಖರ್ಚು ಇಬ್ಬರದೂ, ದೂರ ಇರುವವರಿಗೆ ವಾರಾಂತ್ಯದ ಭೇಟಿ, ಫೋನು, ವಿಡಿಯೊ ಕರೆಗೂ ಅವಕಾಶ. ಕಾನೂನು ಆಯೋಗವೂ 2015ರ ತನ್ನ 257ನೇ ವರದಿಯಲ್ಲಿ ಇದನ್ನು ಪ್ರಸ್ತಾಪಿಸಿತು. ಜಂಟಿ ಪಾಲನೆಗೆ ಮನ್ನಣೆ ಕೊಟ್ಟ ಆ ಆದೇಶವನ್ನು ನಾನು ಗೌರವಿಸುತ್ತೇನೆ. ಆದರೂ ಮಗುವಿನ ವರ್ಷವನ್ನು ಹೀಗೆ ಹಂಚಬೇಕಾದವರು ಹೆತ್ತವರು. ಅವರೇ ಹಂಚಿಕೊಂಡಿದ್ದರೆ ಪರೀಕ್ಷೆಯ ತಿಂಗಳು ಯಾವುದು, ಮಗುವಿನ ಗೆಳೆಯರು ಇರುವುದು ಯಾವ ಬೀದಿಯಲ್ಲಿ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು.

ಮೊದಲು ಮಧ್ಯಸ್ಥಿಕೆ ಎಂಬ ಮಾತಿಗೆ ಬಲವಾದ ಆಕ್ಷೇಪ ಹೆಣ್ಣುಮಕ್ಕಳ ಕಡೆಯಿಂದ ಬರುತ್ತದೆ, ಬರಲೇಬೇಕು. ನಮ್ಮಲ್ಲಿ ಹಿರಿಯರ ಪಂಚಾಯಿತಿ ಎಂದರೆ ಬಹುಪಾಲು "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂಬ ಮಾತು. ಏಟು ತಿಂದವಳನ್ನು ಏಟು ಕೊಟ್ಟವನ ಎದುರು ಕೂರಿಸಿ ರಾಜಿಯಾಗು ಎನ್ನುವುದು ಮಧ್ಯಸ್ಥಿಕೆಯಲ್ಲ, ಅನ್ಯಾಯ. ಅಂಥ ಕಡೆ ಮೊದಲು ರಕ್ಷಣೆಯ ಆದೇಶ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಪೊಲೀಸು. ಹೊಡೆತವಿಲ್ಲದ ಮನೆಯಲ್ಲೂ ದುಡಿಯುವವನಿಗೂ ದುಡಿಮೆ ಬಿಟ್ಟು ಮಗು ನೋಡಿಕೊಂಡವಳಿಗೂ ಮೇಜಿನ ಮುಂದೆ ಒಂದೇ ಬಲ ಇರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇಲ್ಲಿ ನಡೆಯಬಹುದಾದ ವ್ಯಾಪಾರ: "ಮಗು ನಿನಗೇ ಇರಲಿ, ಜೀವನಾಂಶ ಕೇಳಬೇಡ." ಮಗುವಿನ ಪೋಷಣೆಯ ಹಣ ಮಗುವಿನ ಹಕ್ಕು, ತಾಯಿ ಬಿಟ್ಟುಕೊಡಬಹುದಾದ ಸ್ವತ್ತಲ್ಲ. ಹಾಗಾಗಿ ಮಧ್ಯಸ್ಥರು ಇಬ್ಬರನ್ನೂ ಪ್ರತ್ಯೇಕವಾಗಿ ಮಾತಾಡಿಸಬೇಕು, ಒಪ್ಪಂದದ ಮೇಲೆ ಮುದ್ರೆ ಒತ್ತುವ ಮೊದಲು ನ್ಯಾಯಾಧೀಶರು ಪೋಷಣೆಯ ಹಣದ ಅಂಕಿಯನ್ನು ಕೆದಕಿ ನೋಡಬೇಕು. ಮಧ್ಯಸ್ಥಿಕೆಗೆ ಕೋರ್ಟಿನ ಕಣ್ಗಾವಲು ಬೇಕಾಗಿರುವುದು ಇದಕ್ಕೇ.

ಒಪ್ಪಂದದಲ್ಲಿ ಇನ್ನೂ ಒಂದು ಕಲಂ ಇರಬೇಕು ಎನ್ನುತ್ತೇನೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ ಹೇಳುತ್ತದೆ. ಆದರೆ ನಾಲ್ಕರ ಮಗುವಿಗೆ ಹೊಂದಿದ ವ್ಯವಸ್ಥೆ ಹದಿನಾಲ್ಕಕ್ಕೆ ಹೊಂದುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಸುಪರ್ದಿಯ ಆದೇಶವನ್ನು ಮುಂದೆ ಬದಲಿಸಲು ಅವಕಾಶ ಕೊಟ್ಟಿದೆ. ತಂದೆಗೆ ವಿದೇಶದಲ್ಲಿ ಕೆಲಸ ಸಿಗಬಹುದು, ತಾಯಿ ಯಶವಂತಪುರಕ್ಕೆ ಮನೆ ಬದಲಿಸಬಹುದು, ಮಗಳು ತಾನೇ ಒಂದು ಮಾತು ಹೇಳಬಹುದು. ಆಗ ಹೊಸ ಅರ್ಜಿ ಹಾಕುವ ಮೊದಲು ಇಬ್ಬರೂ ಮತ್ತೆ ಮಧ್ಯಸ್ಥರ ಮುಂದೆ ಕೂರಬೇಕು, ಮಗಳಿಗೆ ತಿಳಿವಳಿಕೆ ಬಂದಿದ್ದರೆ ಅವಳ ಮಾತನ್ನೂ ಕೇಳಬೇಕು ಎಂದು ಅದರಲ್ಲಿ ಬರೆದಿರಲಿ.