ಉಳಿಸಿದವಳಿಗೇ ದಂಡ

ವಿದ್ಯುತ್ತು, ಗ್ಯಾಸು ಉಳಿಸುವ ಬಗ್ಗೆ ಹೆಂಗಸರಿಗೆ ಉಪದೇಶ ಮಾಡುವ ಚಟ ನಮ್ಮ ಜನಕ್ಕೆ ಮೊದಲಿನಿಂದಲೂ ಇದೆ. ಕೋಣೆಯಿಂದ ಹೊರಬರುವಾಗ ದೀಪ ಆರಿಸಿರಿ, ಫ್ರಿಜ್ಜಿನ ಬಾಗಿಲು ಪದೇಪದೇ ತೆಗೆಯಬೇಡಿರಿ, ಬೇಳೆ ನೆನೆಹಾಕಿ ಬೇಯಿಸಿರಿ, ಪಾತ್ರೆಗೆ ಮುಚ್ಚಳ ಹಾಕಿರಿ. ಶಾಲೆಯಲ್ಲಿ ಮಕ್ಕಳಿಗೆ ನಾವು ಬರೆಸುವ ಪ್ರಬಂಧವೂ ಇದೇ. ಉಪದೇಶ ಒಳ್ಳೆಯದೇ. ಆದರೆ ಅದನ್ನು ಚಾಚೂ ತಪ್ಪದೆ ಪಾಲಿಸಿದ ಹೆಂಗಸಿಗೆ ಕಡೆಗೆ ಸಿಕ್ಕದ್ದೇನು ಎಂದು ಲೆಕ್ಕ ಹಾಕಿದವರು ಕಡಿಮೆ. ಹಾಕಿ ನೋಡಿದರೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ಗೃಹಜ್ಯೋತಿ ಯೋಜನೆ ಜಾರಿಗೆ ಬಂದದ್ದು 2023ರ ಜುಲೈಯಲ್ಲಿ. 200 ಯೂನಿಟ್ ಪುಕ್ಕಟೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ನಮ್ಮ ಸೂಡಿಯಲ್ಲಿಯೂ ಹೆಣ್ಣುಮಕ್ಕಳು ಆಧಾರ್ ಕಾರ್ಡು, ಹಳೆಯ ಬಿಲ್ಲು ಹಿಡಿದುಕೊಂಡು ನೋಂದಣಿಗೆ ಅಲೆದರು. ಆದರೆ 200 ಎಂಬುದು ಗಡಿ ಮಾತ್ರ, ಅದು ಎಲ್ಲರ ಪಾಲಲ್ಲ. 2022-23ರಲ್ಲಿ ನಿಮ್ಮ ಮನೆಯ ಮೀಟರು ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ನೂರಕ್ಕೆ ಹತ್ತರಂತೆ ಸೇರಿಸಿ, ಅಷ್ಟನ್ನು ಮಾತ್ರ ಪುಕ್ಕಟೆ ಎಂದರು. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು.

ಈಗ ನಮ್ಮ ಓಣಿಯ ಎರಡು ಮನೆಗಳನ್ನು ನೋಡಿರಿ. ಒಂದರಲ್ಲಿ ಗಂಡನನ್ನು ಕಳಕೊಂಡ ಹಿರಿಯಾಕೆ ಒಬ್ಬರೇ ಇರುತ್ತಾರೆ. ಎರಡು ಬಲ್ಬು, ಒಂದು ಫ್ಯಾನು. ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು ಬೀದಿ ದೀಪದ ಬೆಳಕಿನಲ್ಲಿಯೇ ಕಾಳು ಹಸನು ಮಾಡುವಷ್ಟು ಹಿಡಿತ. ತಿಂಗಳಿಗೆ 20 ಯೂನಿಟ್. ಹಾಗಾಗಿ ಅವರ ಪಾಲಿಗೆ ಬಂದದ್ದು 22. ಇನ್ನೊಂದು ಮನೆ ಗೊಬ್ಬರದ ವ್ಯಾಪಾರಿಯದು. ನೀರು ಕಾಯಿಸುವ ಗೀಜರು, ಬಟ್ಟೆ ಒಗೆಯುವ ಯಂತ್ರ, ಕೋಣೆಗೊಂದು ಟಿ.ವಿ. ಸರಾಸರಿ 180. ಅವರಿಗೆ 198 ಯೂನಿಟ್ ಪುಕ್ಕಟೆ! ಆ ವರ್ಷ ಚಳಿಗಾಲಕ್ಕೆ ಹಿರಿಯಾಕೆಯ ಮಗಳು ಬಾಣಂತನಕ್ಕೆ ಬಂದಳು. ಕೂಸಿಗೆಂದು ರಾತ್ರಿಯೆಲ್ಲ ದೀಪ ಉರಿಯಿತು, ಮೀಟರು 41 ತೋರಿಸಿತು. ಬಿಲ್ಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಅಕ್ಕೋರ, ಪುಕ್ಕಟೆ ಅಂದಿದ್ರಲ್ಲ, ಮತ್ತ ಇದೇನ್ರಿ ರೊಕ್ಕ ಬಂದೈತಿ? ನಾ ಏನ್ ಅಂಥಾದ್ದು ಸುಟ್ಟೇನ್ರಿ?"

"ಯವ್ವಾ, ನೀವು ಈಗ ಹೆಚ್ಚ ಸುಟ್ಟಿದ್ದಕ್ಕ ಅಲ್ರಿ, ಹಿಂದ ಕಡಿಮಿ ಸುಟ್ಟಿದ್ದಕ್ಕ ಬಂದೈತಿ" ಎಂದೆ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಅವರು ನಕ್ಕರು. ಚೇಷ್ಟೆ ಅಲ್ಲ, ನಿಯಮವೇ ಹಾಗಿತ್ತು. 19 ಯೂನಿಟ್ಟಿಗೆ ಆಗಿನ 4 ರೂಪಾಯಿ 75 ಪೈಸೆಯಂತೆ 90 ರೂಪಾಯಿ ಚಿಲ್ಲರೆ, ಅದರ ಮೇಲೆ ತೆರಿಗೆ. ಗೊಬ್ಬರದವರ ಬಿಲ್ಲು ಆ ತಿಂಗಳೂ ಸೊನ್ನೆ.

ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53ನ್ನು ಹಿಡಿದು 58 ಯೂನಿಟ್ ಕೊಟ್ಟರು. ಅಂದರೆ ನಿನ್ನೆ ಗೃಹಪ್ರವೇಶ ಮಾಡಿದವರಿಗೆ 58, ನಲವತ್ತು ವರ್ಷದಿಂದ ದೀಪ ಆರಿಸುತ್ತ ಬಂದವಳಿಗೆ 22. 2024ರ ಜನವರಿಯಲ್ಲಿ ಸರಕಾರ ಸ್ವಲ್ಪ ತಿದ್ದಿತು. 48 ಯೂನಿಟ್ಟಿಗಿಂತ ಕಡಿಮೆ ಸರಾಸರಿಯವರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುವುದೆಂದಾಯಿತು. ಹಿರಿಯಾಕೆಯ ಪಾಲು 30ಕ್ಕೆ ಏರಿತು. ತಿದ್ದಿದ್ದು ಒಳ್ಳೆಯದಾಯಿತು, ಇಲ್ಲವೆನ್ನುವುದಿಲ್ಲ. ಆದರೂ ಒಂದೇ ಓಣಿ, ಒಂದೇ ಕಂಬದ ತಂತಿ, ಒಬ್ಬರಿಗೆ 30, ಒಬ್ಬರಿಗೆ 198.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. 2015ರ ಕೊನೆಗೆ ಇದೇ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಯೋಜನೆಯಲ್ಲಿ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬು ಹಂಚಿದರು. ಹಳೆಯ ಗುಂಡು ಬಲ್ಬು ತೆಗೆದು ಇವನ್ನು ಹಾಕಿರಿ, ದೇಶಕ್ಕೂ ಉಳಿತಾಯ ನಿಮಗೂ ಉಳಿತಾಯ ಎಂದರು. ನಂಬಿ ಸರದಿಯಲ್ಲಿ ನಿಂತು ತಂದವರ ಸರಾಸರಿ ಇಳಿಯಿತು. ಸರಾಸರಿ ಇಳಿದದ್ದಕ್ಕೆ ಪುಕ್ಕಟೆ ಪಾಲೂ ಇಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದುಂಟು. ಇಲ್ಲಿ ಕಾಲು ಮಡಚಿ ಮಲಗಿದವರ ಕಾಲನ್ನು ಅಳತೆ ಮಾಡಿ ಅಷ್ಟೇ ಹಾಸಿಗೆ ಹೊಲಿದು ಕೊಟ್ಟಂತಾಯಿತು.

ಯೋಜನೆಯೇ ಬೇಡ, ಎಲ್ಲ ಬಿಟ್ಟಿ ಭಾಗ್ಯ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನನ್ನನ್ನು ದಯವಿಟ್ಟು ನಿಲ್ಲಿಸಬೇಡಿರಿ. ಬಡವರ ಮನೆಯ ದೀಪಕ್ಕೆ ಸರಕಾರ ದುಡ್ಡು ಕೊಡುವುದು ನ್ಯಾಯವೇ. ಹಾಗೆ ಮೂಗು ಮುರಿಯುವವರಲ್ಲಿ ಎಷ್ಟೋ ಮಂದಿ ತಾವೇ 198ರ ಪಾಲುದಾರರು. ನನ್ನ ಜಗಳ ಹಂಚಿಕೆಯದು.

ದರದ ಕಥೆಯೂ ಇದೇ ದಾರಿ ಹಿಡಿದಿದೆ. 2023ರಲ್ಲಿ 100 ಯೂನಿಟ್‌ವರೆಗೆ 4 ರೂಪಾಯಿ 75 ಪೈಸೆ ಇತ್ತು. 100 ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ. ಆ ಜೂನ್ ತಿಂಗಳು ಹಿಂದಿನ ತಿಂಗಳ ಬಾಕಿ, ಇಂಧನ ಹೊಂದಾಣಿಕೆ ಶುಲ್ಕ ಎಲ್ಲ ಕೂಡಿ ಬಿಲ್ಲು ಬಂದಾಗ ಉತ್ತರ ಕರ್ನಾಟಕ ಕಂಗಾಲಾಯಿತು. (ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡುತ್ತ ಬೆಳೆದ ನಮ್ಮ ಏಳನೇ ಇಯತ್ತೆಯ ಹುಡುಗಿ, ಗಾಳಿಗೆ ಯಾವ ಇಂಧನ ಟೀಚರ್ ಎಂದು ಕೇಳಿದಳು. ಕಲ್ಲಿದ್ದಲಿನ ಪಾಠ ಅಂದೇ ಮಾಡಬೇಕಾಯಿತು.) ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯವರು ಜೂನ್ 22ರಂದು ಬಂದ್ ಕರೆದರು. ವ್ಯಾಪಾರಿಗಳು, ಕಾರಖಾನೆಯವರು ಬಾಗಿಲು ಹಾಕಿ ಸಿಟ್ಟು ತೋರಿಸಿದರು. ಹಾಕಬೇಕಾದದ್ದೇ. ಆದರೆ ಅಡಿಗೆಮನೆಗೆ ಬಂದ್ ಎಲ್ಲಿದೆ? ಆ ದಿನವೂ ಎರಡು ಹೊತ್ತು ಒಲೆ ಉರಿಸಿದೆವು.

ಮುಂದೆ 2024ರ ಏಪ್ರಿಲ್‌ನಿಂದ ಮೆಟ್ಟಿಲು ತೆಗೆದು ಎಲ್ಲರಿಗೂ 5 ರೂಪಾಯಿ 90 ಪೈಸೆ ಮಾಡಿದರು. ದರ ಇಳಿಯಿತು ಎಂದು ಸುದ್ದಿಯಾಯಿತು. ಯಾರಿಗೆ ಇಳಿಯಿತು? 7 ರೂಪಾಯಿ ಕೊಡುತ್ತಿದ್ದವರಿಗೆ. ಹಿರಿಯಾಕೆ ತನ್ನ ಪಾಲು ಮೀರಿ ಸುಟ್ಟ ಯೂನಿಟ್ಟಿಗೆ 1 ರೂಪಾಯಿ 15 ಪೈಸೆ ಏರಿತು. 2025ರ ಏಪ್ರಿಲ್‌ನಲ್ಲಿ ಯೂನಿಟ್ಟಿಗೆ 10 ಪೈಸೆ ಇಳಿಸಿ, ಪ್ರತಿ ಕಿಲೋವ್ಯಾಟಿನ ನಿಗದಿತ ಶುಲ್ಕವನ್ನು 120ರಿಂದ 145ಕ್ಕೆ ಏರಿಸಿದರು. ಕಾಗದ ಪೆನ್ನು ತೆಗೆದುಕೊಂಡು ಕೂಡಿರಿ ಅಕ್ಕಂದಿರೇ: 25 ರೂಪಾಯಿ ಏರಿದ್ದು 10 ಪೈಸೆಯ ಇಳಿಕೆಯಲ್ಲಿ ಸರಿಹೋಗಬೇಕಾದರೆ ಒಂದು ಕಿಲೋವ್ಯಾಟಿನ ಮನೆ 250 ಯೂನಿಟ್ ಸುಡಬೇಕು! ಗೃಹಜ್ಯೋತಿಯ ಮಿತಿಯೊಳಗೆ ಇದ್ದವರಿಗೆ ಇದು ತಾಗುವುದಿಲ್ಲ, ನಿಜ. ಆದರೆ ಬೇಸಿಗೆ ರಜೆಗೆ ಮಕ್ಕಳು ಮೊಮ್ಮಕ್ಕಳು ಬಂದು ಮೀಟರು 201 ಆದ ಮನೆಗೆ ತಾಗುತ್ತದೆ. ನಿಗದಿತ ಶುಲ್ಕವೆಂದರೆ ದೀಪ ಹಚ್ಚಿದರೂ ಆರಿಸಿದರೂ ಕಟ್ಟಬೇಕಾದ ಹಣ. ಅಲ್ಲಿ ನಮ್ಮ ಜಾಣತನಕ್ಕೆ ಕೆಲಸವೇ ಇಲ್ಲ. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಯಿಟಿ ಬಾಬತ್ತು ಎಂದು ಯೂನಿಟ್ಟಿಗೆ 36 ಪೈಸೆ ಬೇರೆ ಸೇರಿತು. ಪಿಂಚಣಿ ಯಾರಿಗೂ ಬೇಕಾದದ್ದೇ, ನಾನು ಅದಕ್ಕೆ ಕಲ್ಲು ಹಾಕುವವಳಲ್ಲ. ಅದನ್ನು ನನ್ನ ಮಿಕ್ಸರಿನ ಲೆಕ್ಕಕ್ಕೆ ಏಕೆ ಬರೆದರು ಎಂದಷ್ಟೇ ಕೇಳುತ್ತೇನೆ.

ಗ್ಯಾಸಿನ ಮಾತು ಬೇರೆಯೇ ಇದೆ. ದಿಲ್ಲಿಯಲ್ಲಿ 2020ರ ನಡುವಿನಲ್ಲಿ 594 ರೂಪಾಯಿ ಇದ್ದ ಸಿಲಿಂಡರು 2023ರ ಮಾರ್ಚಿಗೆ 1103 ಆಯಿತು. ನಮ್ಮ ಕಡೆ ಅದಕ್ಕಿಂತ ನಾಲ್ಕು ಕಾಸು ಹೆಚ್ಚೇ. ಆಮೇಲೆ 2023ರ ಆಗಸ್ಟಿನಲ್ಲಿ 200, 2024ರ ಮಾರ್ಚಿನಲ್ಲಿ 100 ಇಳಿಸಿ, 2025ರ ಏಪ್ರಿಲ್‌ನಲ್ಲಿ 50 ಏರಿಸಿದರು. ಇಳಿಸಿದಾಗ ಹಬ್ಬದ ಉಡುಗೊರೆ, ಹೆಣ್ಣುಮಕ್ಕಳಿಗೆ ಕಾಣಿಕೆ ಎಂದು ಸಾರಿದರು. ಆದರೆ 2020ರ ಬೇಸಿಗೆಯಲ್ಲಿ ನಮ್ಮಂಥ ಸಾಮಾನ್ಯ ಗ್ರಾಹಕರ ಖಾತೆಗೆ ಬೀಳುತ್ತಿದ್ದ ಸಹಾಯಧನ ನಿಂತಾಗ ಯಾರೂ ಡಂಗುರ ಹೊಡೆಯಲಿಲ್ಲ.

ಗ್ಯಾಸು ಉಳಿಸಲು ಕುಕ್ಕರು ಬಳಸಿರಿ, ಉರಿ ಸಣ್ಣಗಿಡಿರಿ ಎನ್ನುತ್ತಾರಲ್ಲ, ಅವರು ಅನ್ನ ಉಣ್ಣುವ ಸೀಮೆಯವರಿರಬೇಕು. ಜೋಳದ ರೊಟ್ಟಿ ಕುಕ್ಕರಿನಲ್ಲಿ ಬೇಯುತ್ತದೆಯೇ? ಹಂಚು ಚೆನ್ನಾಗಿ ಕಾಯಬೇಕು, ಉರಿ ದೊಡ್ಡದಿರಬೇಕು. ಸಣ್ಣ ಉರಿಯಲ್ಲಿ ಬೇಯಿಸಿದ ರೊಟ್ಟಿ ಚರ್ಮದ ಹಾಗೆ ಬಿರುಸಾಗುತ್ತದೆ. ಐದು ಜನರ ಮನೆಗೆ ದಿನಕ್ಕೆ ಹದಿನೈದಿಪ್ಪತ್ತು ರೊಟ್ಟಿ ಬಡಿಯುವವಳ ಸಿಲಿಂಡರು ಎಷ್ಟು ದಿನ ಬಂದೀತು? ಅದಕ್ಕೇ ಸೂಡಿಯ ಎಷ್ಟೋ ಮನೆಗಳಲ್ಲಿ ಗ್ಯಾಸು ಚಹಾಕ್ಕೆ, ಪಲ್ಯಕ್ಕೆ. ರೊಟ್ಟಿಗೆ, ಸ್ನಾನದ ನೀರಿಗೆ ಹಿತ್ತಲದ ಒಲೆ. ಹತ್ತಿಕಟ್ಟಿಗೆ, ಜಾಲಿ, ಕುಳ್ಳು. ಅದಕ್ಕೆ ಬಿಲ್ಲು ಬರುವುದಿಲ್ಲ, ಆದ್ದರಿಂದ ಗಂಡಸರ ಲೆಕ್ಕದಲ್ಲಿ ಅದು ಪುಕ್ಕಟೆ. ಹೊಲದಿಂದ ಹೊರೆ ಹೊತ್ತು ತಂದ ಸೊಂಟ, ಹೊಗೆ ಕುಡಿದ ಎದೆ ಯಾರದು? ಉಜ್ವಲಾ ಯೋಜನೆ 2016ರಲ್ಲಿ ಬಂದದ್ದೇ ಈ ಹೊಗೆ ತಪ್ಪಿಸಲಿಕ್ಕೆ. ಸಂಪರ್ಕ ಸಿಕ್ಕಿತು, ತುಂಬಿಸಲು ರೊಕ್ಕ ಸಾಲದಾಯಿತು. ಹೀಗೆ ಎಷ್ಟೋ ಕಡೆ ಸಿಲಿಂಡರು ಮೂಲೆಯಲ್ಲಿ ಕೂತಿದೆ.

ಹನ್ನೊಂದನೆಯ ಶತಮಾನದಲ್ಲಿ ನಮ್ಮ ಕಿಸುಕಾಡು ಎಪ್ಪತ್ತರ ಆಡಳಿತ ನಡೆಸಿದವಳು ಅಕ್ಕಾದೇವಿ ಎಂಬ ಹೆಣ್ಣುಮಗಳು. ಸೂಡಿಯ ಶಾಸನಗಳಲ್ಲಿ ಆಕೆಯ ಹೆಸರಿದೆ. ಈಗಲೂ ಮನೆಯ ಲೆಕ್ಕ ಹೆಂಗಸಿನ ತಲೆಯಲ್ಲಿಯೇ ಇರುತ್ತದೆ, ಆದರೆ ಆ ಲೆಕ್ಕವನ್ನು ನಾವು ಹೇಳಬೇಕಾದಲ್ಲಿ ಹೇಳುವುದಿಲ್ಲ. ದರ ಏರಿಸುವ ಮೊದಲು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಕಾರಖಾನೆಯವರ ಪರವಾಗಿ, ರೈತರ ಪರವಾಗಿ ಅಲ್ಲಿ ಮಾತನಾಡುವವರಿದ್ದಾರೆ. ರೊಟ್ಟಿ ಬಡಿಯುವವರ ಪರವಾಗಿ ಯಾರು? ಮುಂದಿನ ಸಲ ಕರೆದಾಗ ನಾನು ಬರೆಯುವವಳಿದ್ದೇನೆ, ಒಂದು ಪ್ರತಿಯನ್ನು ಸರಕಾರಕ್ಕೂ ಕಳಿಸುತ್ತೇನೆ. ಪ್ರತಿ ಮನೆಗೂ ಸಮನಾಗಿ 75 ಯೂನಿಟ್ ಕೊಡಿರಿ, ಹಿಂದೆ ಎಷ್ಟು ಸುಟ್ಟಿದ್ದಿರಿ ಎಂದು ಕೇಳಬೇಡಿರಿ. ಮೆಟ್ಟಿಲು ದರ ಮತ್ತೆ ತನ್ನಿರಿ, ಹೆಚ್ಚು ಸುಡುವವರು ಹೆಚ್ಚು ಕೊಡಲಿ. ಕಡಿಮೆ ಸುಡುವ ಮನೆಯ ನಿಗದಿತ ಶುಲ್ಕ ಇಳಿಸಿರಿ. ಹಿರಿಯಾಕೆ ಹೆಬ್ಬೆಟ್ಟು ಒತ್ತಲು ಈಗಲೇ ಒಪ್ಪಿದ್ದಾರೆ. ಗೊಬ್ಬರದವರ ಮನೆಯಾಕೆ, "ನಮ್ಮವರನ್ನ ಕೇಳಿ ಹೇಳ್ತೇನ್ರಿ ಅಕ್ಕೋರ" ಎಂದಿದ್ದಾಳೆ.